ಮಾರ್ಚ್ ಹದಿನೈದರೊಳಗೆ

2025 ಮಾರ್ಚ್ 4, ಮಂಗಳವಾರ

ಬೋರ್ಡ್ ಮೀಟಿಂಗ್ ಮುಗಿಯುವಾಗ ರಾತ್ರಿ ಹತ್ತೂವರೆ. ಹುದ್ದೆ ಕಡಿತದ ಠರಾವು ಪಾಸಾಯಿತು. ಠರಾವಿನಲ್ಲಿ ಯಾರ ಹೆಸರೂ ಇರುವುದಿಲ್ಲ. ಯಾವ ಕೆಲಸ, ಎಷ್ಟು ಎಫ್‌ಟಿಇ (ಪೂರ್ಣಾವಧಿ ಹುದ್ದೆಯ ಲೆಕ್ಕ) ಎಂದಷ್ಟೇ: ಸಂಗೀತ 0.4, ಲೈಬ್ರರಿ 1.0, ಹೀಗೆ. ಹೆಸರು ಹುಡುಕುವ ಕೆಲಸ ಎಚ್‌ಆರ್‌ನವರಾದ ನಮ್ಮದು.

ಕ್ಯಾಲಿಫೋರ್ನಿಯಾದ ಶಾಲಾ ಡಿಸ್ಟ್ರಿಕ್ಟ್‌ಗಳಿಗೆ ಮಾರ್ಚ್ 15 ಅಂದರೆ ಮಾರ್ಚ್ 15. ಮುಂದಿನ ವರ್ಷ ಕೆಲಸ ಇಲ್ಲದೇ ಹೋಗಬಹುದು ಎಂಬ ನೋಟಿಸ್ ಅಷ್ಟರೊಳಗೆ ಶಿಕ್ಷಕರ ಕೈ ಸೇರಿರಬೇಕು. 2022ರಿಂದ ಅಡುಗೆಮನೆ, ಬಸ್ಸು, ಕಚೇರಿಯ ಕಾಯಂ ನೌಕರರಿಗೂ ಅದೇ ಗಡುವು ಬಂದಿದೆ. ಬೇಕೆಂದರೆ ವಿಚಾರಣೆ ಕೇಳುವ ಹಕ್ಕೂ ಜೊತೆಗೆ ಬಂದಿದೆ. ಆದರೆ ರಾಜ್ಯದಿಂದ ದುಡ್ಡೆಷ್ಟು ಬರುತ್ತದೆಂಬ ಅಂದಾಜು ಪಕ್ಕಾ ಆಗುವುದು ಮೇ ನಡುವಿನಲ್ಲಿ, ಬಜೆಟ್ ಪಾಸಾಗುವುದು ಜೂನ್‌ನಲ್ಲಿ. ಹಾಗಾಗಿ ಹಲವು ಡಿಸ್ಟ್ರಿಕ್ಟ್‌ಗಳಲ್ಲಿ ಆಪತ್ತಿಗಿರಲಿ ಎಂದು ನಾಲ್ಕು ನೋಟಿಸ್ ಹೆಚ್ಚೇ ಹೊರಡುತ್ತವೆ. ಬೇಸಿಗೆಯ ಹೊತ್ತಿಗೆ ಅವನ್ನು ವಾಪಸ್ ಪಡೆದರೂ ಚುರುಕಾದ ಚಿಕ್ಕ ವಯಸ್ಸಿನವರು ಅಷ್ಟರಲ್ಲಿ ಬೇರೆ ಕಡೆ ಸೇರಿಕೊಂಡಿರುತ್ತಾರೆ.

ಮಾರ್ಚ್ 6, ಗುರುವಾರ

ಇಡೀ ದಿನ ಸೀನಿಯಾರಿಟಿ ಪಟ್ಟಿ. ಕಡೆಗೆ ಸೇರಿದವರು ಮೊದಲು ಹೊರಗೆ. ಸಂಬಳದ ಮೊದಲ ದಿನ ಇಬ್ಬರದೂ ಒಂದೇ ಆದರೆ ಬೋರ್ಡ್ ಗೊತ್ತುಮಾಡಿದ ಮಾನದಂಡಗಳು. ಅಲ್ಲೂ ಸಮವಾದರೆ ಚೀಟಿ ಎತ್ತುವುದು.

ಕೆಳಗಿನಿಂದ ಎರಡನೆಯ ಹೆಸರು ಮೂರನೇ ತರಗತಿಯ ಒಬ್ಬ ಟೀಚರ್‌ದು. ದಿನಾಂಕ ತಾಳೆ ನೋಡಲು ಫೋನ್ ಮಾಡಿದೆ. ಪ್ರೊಬೇಷನ್‌ಗೆ ಸೇರುವ ಹಿಂದಿನ ವರ್ಷ ಹೆರಿಗೆ ರಜೆಯ ಮೇಲಿದ್ದ ಒಬ್ಬರ ಜಾಗದಲ್ಲಿ ತಾವು ಪಾಠ ಮಾಡಿದ್ದಾಗಿ ಹೇಳಿದರು. ಹಳೆಯ ಪೇರೋಲ್ ತೆಗೆಸಿದೆ. ಆ ವರ್ಷದ ಶಾಲಾ ದಿನಗಳಲ್ಲಿ ನೂರಕ್ಕೆ 75ಕ್ಕಿಂತ ಹೆಚ್ಚು ದಿನ ಅವರು ಕೆಲಸ ಮಾಡಿದ್ದರು. ಅಷ್ಟು ದಿನ ದುಡಿದು, ಮರುವರ್ಷ ಪ್ರೊಬೇಷನ್ ಮೇಲೆ ನೇಮಕವಾದವರಿಗೆ ಆ ವರ್ಷವೂ ಸೇವೆಗೆ ಸೇರುತ್ತದೆ ಎಂದು ಕಾನೂನಿದೆ. ಒಂದು ವರ್ಷ ಮೇಲೆ ಹೋದರು, ಕಡಿತದ ಪಟ್ಟಿಯಿಂದ ಆಚೆ ಬಂದರು. ಅವರ ಜಾಗಕ್ಕೆ ಇನ್ನೊಬ್ಬರ ಹೆಸರು ಇಳಿಯಿತು. ಅವರಿಗೂ ನಾಳೆ ಫೋನ್ ಮಾಡಬೇಕು, ಅಷ್ಟೇ ತಾಳ್ಮೆಯಿಂದ.

ಮಾರ್ಚ್ 8, ಶನಿವಾರ

ನಿನ್ನೆ ಒಂದು ಸ್ಕೆಲ್ಲಿ ಮೀಟಿಂಗ್ ಇತ್ತು. ರಾತ್ರಿ ಪಾಳಿಯ ಕಸ್ಟೋಡಿಯನ್ ಒಬ್ಬರನ್ನು ಸಂಬಳವಿಲ್ಲದೆ ಸಸ್ಪೆಂಡ್ ಮಾಡುವ ಪ್ರಸ್ತಾಪ. ಅಲಾರಂ ಹಾಕದೆ ಬೇಗ ಹೊರಟುಹೋದರು ಎಂಬುದು ಆರೋಪ. ಯೂನಿಯನ್‌ನವರ ಜೊತೆ ಬಂದು ಕೂತರು, ಮಾತಾಡಲಿಲ್ಲ, ಫೋನನ್ನು ಮೇಜಿನ ಮೇಲೆ ನನ್ನ ಕಡೆ ತಿರುಗಿಸಿಟ್ಟರು. ಅದೇ ರಾತ್ರಿ ಸೂಪರ್‌ವೈಸರ್ ಕಳಿಸಿದ ಮೆಸೇಜು: ಪಕ್ಕದ ಶಾಲೆಯಲ್ಲಿ ನೀರು ನುಗ್ಗಿದೆ, ಈಗಲೇ ಹೋಗಿ. ಸಂಜೆಯೊಳಗೆ ಪ್ರಸ್ತಾಪ ವಾಪಸ್ಸಾಯಿತು. ಫೈಲಿನಲ್ಲಿ ಆ ಮೆಸೇಜು ಇರಲೇ ಇಲ್ಲ. ಕೇಳದಿದ್ದರೆ ಎಂದೂ ಬರುತ್ತಿರಲಿಲ್ಲ.

ಕಾಯಂ ಸರ್ಕಾರಿ ನೌಕರರನ್ನು ಶಿಕ್ಷೆಗೆ ಮೊದಲು ಹೀಗೆ ಕೂರಿಸಿ ಕೇಳಬೇಕೆಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಹೇಳಿದ್ದು 1975ರಲ್ಲಿ, ಸ್ಕೆಲ್ಲಿ ಎಂಬ ವೈದ್ಯರ ಪ್ರಕರಣದಲ್ಲಿ. ದೇಶಕ್ಕೆಲ್ಲ ಅನ್ವಯಿಸುವ ತೀರ್ಪು ಬಂದದ್ದು 1985ರಲ್ಲಿ, ಅದೂ ಶಾಲೆಯೊಂದರ ಕಾವಲುಗಾರನಿಂದ. ಕ್ಲೀವ್‌ಲ್ಯಾಂಡ್‌ನ ಶಿಕ್ಷಣ ಮಂಡಳಿ 1979ರಲ್ಲಿ ಜೇಮ್ಸ್ ಲೌಡರ್‌ಮಿಲ್ ಎಂಬವರನ್ನು ಸೇರಿಸಿಕೊಂಡಿತು. ಘೋರ ಅಪರಾಧದಲ್ಲಿ ತನಗೆ ಶಿಕ್ಷೆಯಾಗಿಲ್ಲ ಎಂದು ಅರ್ಜಿಯಲ್ಲಿ ಬರೆದಿದ್ದರು. 1968ರ ಒಂದು ಕಳ್ಳತನದ ಶಿಕ್ಷೆ ಆಮೇಲೆ ಬೆಳಕಿಗೆ ಬಂತು. ಸುಳ್ಳು ಹೇಳಿದ್ದೀರಿ ಎಂದು 1980ರ ನವೆಂಬರ್‌ನಲ್ಲಿ ಕಾಗದ ಬರೆದು ಮನೆಗೆ ಕಳಿಸಿದರು. ಅದು ಸಣ್ಣ ಅಪರಾಧವೆಂದೇ ನಂಬಿದ್ದೆ ಎಂದು ಹೇಳಿಕೊಳ್ಳಲು ಅವರಿಗೆ ಯಾರೂ ಅವಕಾಶ ಕೊಡಲಿಲ್ಲ. ಕಾಯಂ ನೌಕರಿ ಒಂದು ಆಸ್ತಿ, ಆರೋಪ ತಿಳಿಸದೆ, ಸಾಕ್ಷ್ಯ ವಿವರಿಸದೆ, ಉತ್ತರ ಕೇಳದೆ ಅದನ್ನು ಕಿತ್ತುಕೊಳ್ಳುವ ಹಾಗಿಲ್ಲ ಎಂದಿತು ಅಮೆರಿಕದ ಸುಪ್ರೀಂ ಕೋರ್ಟ್.

ಬೆಳಿಗ್ಗೆ ಅಪ್ಪನ ಹತ್ತಿರ ಇದನ್ನೇ ಹೇಳುತ್ತಿದ್ದೆ. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. “ನಮ್ಮ ಸಂವಿಧಾನದ 311ನೇ ವಿಧಿನೂ ಅದೇ ಅಲ್ವೇನಮ್ಮ. ಚಾರ್ಜು ಏನು ಅಂತ ತಿಳಿಸ್ಬೇಕು, ಉತ್ತರ ಕೇಳ್ಬೇಕು, ಆಮೇಲೆ ಆರ್ಡರು” ಅಂದರು. ಸ್ವಲ್ಪ ತಡೆದು, “ಅತಿಥಿ ಶಿಕ್ಷಕರ ಪಾಡು ಬೇರೆ, ಅವರನ್ನ ಯಾರು ಕೇಳ್ತಾರೆ?” ಅಂತಲೂ ಸೇರಿಸಿದರು.

ಮಾರ್ಚ್ 12, ಬುಧವಾರ

ಫೆಡರಲ್ ಶಿಕ್ಷಣ ಇಲಾಖೆ ನಿನ್ನೆ ತನ್ನ ಸಿಬ್ಬಂದಿಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುವುದಾಗಿ ಘೋಷಿಸಿದೆ. ನಾಗರಿಕ ಹಕ್ಕುಗಳ ವಿಭಾಗದ 12 ಪ್ರಾದೇಶಿಕ ಕಚೇರಿಗಳಲ್ಲಿ 7 ಮುಚ್ಚುತ್ತಿವೆ, ನಮ್ಮ ಸ್ಯಾನ್ ಫ್ರಾನ್ಸಿಸ್ಕೊ ಕಚೇರಿಯೂ ಸೇರಿ. ಅಂಗವಿಕಲ ಮಗುವಿಗೆ ಶಾಲೆ ಸಹಾಯ ಕೊಡುತ್ತಿಲ್ಲವೆಂದು ವಕೀಲರಿಲ್ಲದ ತಾಯಿಯೂ ದೂರು ಕೊಡಬಹುದಾದ ಜಾಗ ಅದು. ನಮ್ಮ ಮೇಲೂ ಅಲ್ಲಿಗೆ ದೂರು ಹೋಗಬಹುದೆಂಬ ಎಚ್ಚರ ಇಷ್ಟು ದಿನ ನಮ್ಮನ್ನು ನೆಟ್ಟಗಿಟ್ಟಿತ್ತು. ಕಾನೂನು ಹಾಗೇ ಇದೆ. ಕೇಳುವವರು ಕಮ್ಮಿಯಾದರು.

ಮಾರ್ಚ್ 14, ಶುಕ್ರವಾರ

ನಾಳೆ ಶನಿವಾರವಾದ್ದರಿಂದ ಎಲ್ಲವನ್ನೂ ಇವತ್ತೇ ಮುಗಿಸಬೇಕಿತ್ತು. ಲಕೋಟೆ ಕೊಟ್ಟು, ಸ್ವೀಕೃತಿಗೆ ಸಹಿ ಹಾಕಿಸಿಕೊಳ್ಳುವುದು. ಸಹಿ ಒಪ್ಪಿಗೆಯಲ್ಲ, ತಲುಪಿದೆ ಎಂದಷ್ಟೇ ಎಂದು ಪ್ರತಿಯೊಬ್ಬರಿಗೂ ಹೇಳಿದೆ.

ಒಬ್ಬರದು ಬೇರೆ ಥರದ ಕಾಗದ. ಪ್ರೊಬೇಷನ್‌ನ ಎರಡನೇ ವರ್ಷದ ವಿಜ್ಞಾನ ಮೇಷ್ಟ್ರು. ಮುಂದುವರಿಸುವುದಿಲ್ಲವೆಂದು ಎರಡನೇ ವರ್ಷದ ಮಾರ್ಚ್ 15ರೊಳಗೆ ತಿಳಿಸಿದರೆ ಸಾಕು, ಕಾರಣ ಕೊಡಬೇಕಿಲ್ಲ. ತಿಳಿಸದಿದ್ದರೆ ಕಾಯಂ. ಕೈಬೆರಳಿಗೆ ವೈಟ್‌ಬೋರ್ಡ್ ಮಾರ್ಕರಿನ ನೀಲಿ ಮೆತ್ತಿತ್ತು. ಎರಡು ಸಲ ಓದಿ, “ನಾನೇನು ಮಾಡಿದೆ?” ಎಂದು ಕೇಳಿದರು. ಏನೂ ಹೇಳಬೇಡಿ ಎಂಬುದು ವಕೀಲರ ಸಲಹೆ. ಹೇಳಲಿಲ್ಲ. ಇದು ಪೂರ್ತಿ ಕಾನೂನುಬದ್ಧ, ಪೂರ್ತಿ ಅನ್ಯಾಯ. ಎರಡು ವರ್ಷ ಮಕ್ಕಳ ಮುಂದೆ ನಿಂತವರಿಗೆ ಕಾರಣ ತಿಳಿಯುವ ಹಕ್ಕೂ ಬೇಡವೇ?

ಮಾರ್ಚ್ 16, ಭಾನುವಾರ

ಕಡಿತದ ನೋಟಿಸ್ ಪಡೆದವರು ವಿಚಾರಣೆ ಕೇಳಿದರೆ ಆಡಳಿತಾತ್ಮಕ ನ್ಯಾಯಾಧೀಶರು ಬರುತ್ತಾರೆ. ಅವರ ಶಿಫಾರಸನ್ನು ಬೋರ್ಡ್ ಒಪ್ಪಲೇಬೇಕೆಂದಿಲ್ಲ. ಅಂತಿಮ ನೋಟಿಸ್‌ಗೆ ಗಡುವು ಮೇ 15. ಪಟ್ಟಿಯಲ್ಲಿ ಹೆಚ್ಚಿಗೆ ಸೇರಿಸಿದ ಹೆಸರುಗಳನ್ನು ಅದಕ್ಕೆ ಕಾಯದೆ ಏಪ್ರಿಲ್‌ನಲ್ಲೇ ಬಿಡುಗಡೆ ಮಾಡಿ ಎಂದು ಡೈರೆಕ್ಟರ್‌ಗೆ ಬರೆಯುತ್ತಿದ್ದೇನೆ. ಜೊತೆಗೆ ಇನ್ನೊಂದು ಮಾತು: ಬರುವ ವರ್ಷದಿಂದ ಪ್ರಿನ್ಸಿಪಾಲರು ಡಿಸೆಂಬರ್‌ನಲ್ಲೇ ಪ್ರೊಬೇಷನ್‌ನವರನ್ನು ಕೂರಿಸಿಕೊಂಡು ಎಲ್ಲಿ ಕೊರತೆಯಿದೆ ಎಂದು ಬಾಯಿಬಿಟ್ಟು ಹೇಳಲಿ, ಅವರ ಉತ್ತರ ಬರೆದುಕೊಳ್ಳಲಿ. ಹಾಗೆ ಮಾಡಬಾರದೆಂದು ಯಾವ ಕಾನೂನೂ ಹೇಳುವುದಿಲ್ಲ.