ಅರ್ಧ ಅಂಗುಲದ ಅಂತರ

ಮೈಸೂರಿನವರಿಗೆ ಆಯುಧಪೂಜೆಯ ಸಂಭ್ರಮವನ್ನು ವರ್ಣಿಸಬೇಕಾಗಿಲ್ಲ. ಅರಮನೆಯಲ್ಲಿ ಪಟ್ಟದ ಕತ್ತಿಗೆ ಪೂಜೆಯಾಗುವ ದಿನ ಸರಸ್ವತೀಪುರದ ನಮ್ಮ ಬೀದಿಯಲ್ಲಿ ಬೈಸಿಕಲ್ಲು ಮೊದಲ್ಗೊಂಡು ಎಲ್ಲಕ್ಕೂ ಚೆಂಡುಹೂವಿನ ಅಲಂಕಾರ. ನಮ್ಮ ಮನೆಯಲ್ಲಿ ಆ ಗೌರವಕ್ಕೆ ಪಾತ್ರವಾಗುವುದು 1984ರ ಕಡುನೀಲಿ ಪ್ರೀಮಿಯರ್ ಪದ್ಮಿನಿ. ಕಾರು ತಂದೆಯವರದು, ನಾನು ಸಾರಥಿ ಮಾತ್ರ.

ಕಳೆದ ವರ್ಷ ಅದರ ಮಾಸಿದ ಮೈಗೆ ನಾನೇ ಹೊಳಪು ಕೊಡುವೆನೆಂದು ಪಾಲಿಶ್ ಯಂತ್ರವೊಂದನ್ನು ಕೊಂಡೆ. ಅದರ ಪ್ಲೇಟು 6 ಅಂಗುಲ. ಸ್ಪಂಜಿನ ಪ್ಯಾಡನ್ನು ಬೇರೊಂದು ಅಂಗಡಿಯಲ್ಲಿ ಕೊಂಡೆ. ಅದೂ 6 ಅಂಗುಲ. ಯಾವ ಜೋಯಿಸರೂ ಇಷ್ಟು ನಿಶ್ಚಿಂತೆಯಿಂದ ಜಾತಕ ಕೂಡಿಸಿರಲಾರರು!

ಪ್ಲೇಟಿನ ಮುಖದಲ್ಲಿ ಸೂಕ್ಷ್ಮವಾದ ಕೊಕ್ಕೆಗಳು, ಪ್ಯಾಡಿನ ಬೆನ್ನಿನಲ್ಲಿ ಕುಣಿಕೆಗಳು. ಉತ್ತರಾಣಿಯ ಬೀಜ ಪಂಚೆಗೆ ಹತ್ತಿದಂತೆ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಸ್ವಿಟ್ಜರ್‌ಲೆಂಡಿನ ಜಾರ್ಜ್ ಡಿ ಮೆಸ್ಟ್ರಾಲ್ ಎಂಬಾತನಿಗೆ ಈ ಉಪಾಯ ಹೊಳೆದದ್ದು ನಾಯಿಯ ರೋಮಕ್ಕೆ ಅಂಟಿದ ಮುಳ್ಳುಕಾಯಿಗಳನ್ನು ಕಂಡಂತೆ. ಆದರೆ ಕಚ್ಚಿಕೊಂಡದ್ದೆಲ್ಲ ನಟ್ಟನಡುವೆ ಕೂರುವುದೆಂಬ ನಿಯಮವಿಲ್ಲ. ನಾನಿಟ್ಟ ಪ್ಯಾಡು ಕಿರುಬೆರಳಿನಷ್ಟು ಓರೆಯಾಗಿತ್ತು. ಯಂತ್ರ ನಡುಗಿತು, ನಾನು ಬಿಗಿಯಾಗಿ ಹಿಡಿದೆ. ದೀಪದ ಮೇಲಣ ಉಬ್ಬಿಗೆ ಬರುವಷ್ಟರಲ್ಲಿ ಪ್ಲೇಟಿನ ಗಟ್ಟಿ ಅಂಚು ಹೊರಗಿಣುಕಿ, ಬಣ್ಣವನ್ನು ಕೆತ್ತಿ, ಬಿದಿಗೆಯ ಚಂದ್ರನಂಥ ಬೂದುಗೆರೆಯೊಂದನ್ನು ಉಳಿಸಿತು.

ಸದ್ದಿನ ವ್ಯತ್ಯಾಸ ಕೇಳಿಯೇ ತಂದೆಯವರು ಹೊರಬಂದರು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ, 1996ರಲ್ಲಿ ಅದು ಮುಚ್ಚುವವರೆಗೂ, ಬಟ್ಟೆಯ ಚಕ್ರಕ್ಕೆ ಲೋಹ ಹಿಡಿದು ಹೊಳಪು ತೆಗೆದವರು ಅವರು. ಗದರಲಿಲ್ಲ; ಗದರಿದ್ದರೆ ಒಳ್ಳೆಯದಿತ್ತು. ಗೆರೆಯ ಮೇಲೆ ಹೆಬ್ಬೆರಳು ಆಡಿಸಿ, ಪ್ಯಾಡನ್ನು ಮಗುಚಿ ನೋಡಿದರು.

“ಚಕ್ರ ಹಿಡಿಯೋ ಬಿಲ್ಲೆ ಚಕ್ರಕ್ಕಿಂತ ಚಿಕ್ಕದಿರಬೇಕು ಕಣೋ. ಬಿಲ್ಲೆ ಇಣುಕಿದರೆ ಅದು ಪಾಲಿಶಲ್ಲ, ಉಳಿ.”

“ಹಾಗಾದರೆ 8 ಅಂಗುಲದ್ದು ತರಲೇ, ಅಪ್ಪಾ?”

“ಆಗ ಅಂಚಿಗೆ ಆಸರೆ ಇರಲ್ಲ, ಪಟಪಟ ಬಡಿಯುತ್ತೆ. ನೀನು ಒತ್ತಿದ್ದೆಲ್ಲ ನಡುವಿಗೇ ಹೋಗಿ ಅಲ್ಲೇ ಕಾಯುತ್ತೆ.”

6 ಅಂಗುಲದ ಪ್ಲೇಟಿಗೆ ಆರೂವರೆ ಅಂಗುಲದ ಪ್ಯಾಡು: ಸುತ್ತಲೂ ಕಾಲಂಗುಲದ ಮೆತ್ತನೆಯ ಅಂಚು, ಅಷ್ಟೇ. ಮರುದಿನ ಅದನ್ನು ತಂದೆ. ಜೊತೆಗೆ ಇನ್ನೊಂದು ಪ್ಲೇಟನ್ನೂ ಕೊಂಡು ಮತ್ತೆ ಮೂರ್ಖನಾದೆ. ಯಂತ್ರದ ತಿರುಪು 14 ಮಿಲಿಮೀಟರಿನದು, ಆ ಪ್ಲೇಟಿನದು ಐದೆಂಟಾಂಶ ಅಂಗುಲದ್ದು, ಎಂದರೆ ಸುಮಾರು 16 ಮಿಲಿಮೀಟರು. ಅದನ್ನು ಹಿಂದಿರುಗಿಸುವಾಗ ಅಂಗಡಿಯವನ ನಗೆಯನ್ನೂ ಪಡೆದು ಬಂದೆ.

ಈ ಸಲ ತಂದೆಯವರೇ ಪ್ಯಾಡು ಕೂರಿಸಿದರು. ಸುತ್ತಲೂ ಬೆರಳಾಡಿಸಿ ಅಂಚನ್ನು ಅಳೆದರು, ಎರಡು ಸಲ ಕಿತ್ತು ಮತ್ತೆ ಇಟ್ಟರು. ಯಂತ್ರ ನಡುಗಲಿಲ್ಲ. ಸ್ವಲ್ಪ ಹೊತ್ತಿಗೆ ಪ್ಯಾಡು ನೀಲಿಯಾದುದನ್ನು ಕಂಡು ನಾನು ಗಾಬರಿಗೊಂಡೆ. ಹಳೆಯ ಬಣ್ಣಕ್ಕೆ ಈಗಿನ ಕಾರುಗಳಂತೆ ಪಾರದರ್ಶಕ ಲೇಪದ ಹೊದಿಕೆಯಿಲ್ಲ. ಸತ್ತ ಬಣ್ಣ ಪ್ಯಾಡಿಗೆ ಬರುವುದು ಸಹಜವೆಂದು ಅವರು ನಕ್ಕರು. ಎರಡು ದಿನದಲ್ಲಿ ಅವರ ಮುಖ ಬಾನೆಟ್ಟಿನಲ್ಲಿ ಕಾಣುವಂತಾಯಿತು.

ಬೂದುಗೆರೆಗೆ ಬಣ್ಣ ಬಳಿಸಲು ಹಬ್ಬದೊಳಗೆ ವ್ಯವಧಾನವಾಗಲಿಲ್ಲ. ಆಯುಧಪೂಜೆಯ ಬೆಳಗ್ಗೆ ತಂದೆಯವರು ಗಂಧದ ಬಟ್ಟಲು ಹಿಡಿದು ಕಾರಿನ ಸುತ್ತ ಬಂದರು. ಪ್ರತಿ ವರ್ಷ ಬಾನೆಟ್ಟಿನ ನಡುವೆ ಇಡುತ್ತಿದ್ದ ಬೊಟ್ಟನ್ನು ಆ ವರ್ಷ ಬಲದೀಪದ ಮೇಲೆ, ಸರಿಯಾಗಿ ಆ ಗೆರೆಯ ಮೇಲೆ ಇಟ್ಟು, “ನಿಂಬೆಹಣ್ಣು ತಾ” ಎಂದರು.