ಹೊಳಪಿನ ತಕರಾರು

ಕರಿಯ ಬಣ್ಣ ಬಳಿದ ಎರಡು ತಗಡುಗಳು ಮೇಜಿನ ಮೇಲಿವೆ. ಒಂದು ಮಾದರಿ, ಇನ್ನೊಂದು ಹೊಸತಾಗಿ ಮಾಡಿದ ಸರಕು. ‘ಎರಡೂ ಒಂದೇ’ ಎನ್ನುವನು ಮಾಡಿದವನು. ‘ಇದು ಮಂಕು, ನನಗೆ ಬೇಡ’ ಎನ್ನುವನು ಕೊಳ್ಳುವವನು. ಒಂದು ವಾರದ ದುಡಿಮೆಯೆಲ್ಲವೂ ಆ ಒಂದು ಮಾತಿಗೆ ಸಿಕ್ಕಿಕೊಂಡಿರುವುದು. ಒಬ್ಬನು ಕಿಟಕಿಯ ಬಳಿ ನಿಂತು ನೋಡಿದನು, ಮತ್ತೊಬ್ಬನು ದೀಪದ ಕೆಳಗೆ. ಇಬ್ಬರೂ ಸುಳ್ಳಾಡಲಿಲ್ಲ, ಆದರೂ ಮಾತು ಕೂಡಲಿಲ್ಲ. ತೂಕಕ್ಕೆ ತಕ್ಕಡಿಯುಂಟು, ಉದ್ದಕ್ಕೆ ಅಳತೆಗೋಲುಂಟು, ಹೊಳಪಿಗೇನುಂಟು?

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ವಾಚಕರು ಬಲ್ಲರು. ಹಾಗೆ ಪ್ರಮಾಣಿಸಲೆಂದೇ ಹೊಳಪುಮಾಪಕವೆಂಬ ಸಣ್ಣ ಯಂತ್ರವೊಂದಿದೆ. ಅದರೊಳಗಿನ ದೀಪವು ಗೊತ್ತಾದ ಕೋನದಲ್ಲಿ ವಸ್ತುವಿನ ಮೇಲೆ ಬೆಳಕನ್ನು ಬೀರುವುದು. ಅಷ್ಟೇ ಕೋನದಲ್ಲಿ ಎದುರು ದಿಕ್ಕಿಗೆ ಪುಟಿದ ಬೆಳಕನ್ನು ಯಂತ್ರವು ಹಿಡಿದು ಅಳೆಯುವುದು. ವಕ್ರೀಭವನಾಂಕ 1.567 ಉಳ್ಳ ನಯವಾದ ಕರಿಯ ಗಾಜಿನ ಹೊಳಪನ್ನು 100 ಎಂದು ಗೊತ್ತುಮಾಡಿರುವರು. ವಿಚಿತ್ರವೆಂದರೆ, ಲಂಬರೇಖೆಯಿಂದ 60 ಡಿಗ್ರಿ ಓರೆಯಾಗಿ ಬಿದ್ದ ಬೆಳಕಿನಲ್ಲಿ ಆ ಗಾಜು ಹಿಂದಿರುಗಿಸುವುದು ನೂರಕ್ಕೆ ಸುಮಾರು 10 ಪಾಲು ಮಾತ್ರ. ಆ ನೂರು ಬರಿಯ ಒಡಂಬಡಿಕೆಯೇ ಸರಿ. ಸಾಧಾರಣ ಹೊಳಪಿಗೆ 60 ಡಿಗ್ರಿಯ ಅಳತೆ ಸಾಕು. ಅಲ್ಲಿ ಅಂಕವು 70ನ್ನು ಮೀರಿದರೆ 20 ಡಿಗ್ರಿಯಲ್ಲಿಯೂ, 10ಕ್ಕಿಂತ ಇಳಿದರೆ 85 ಡಿಗ್ರಿಯಲ್ಲಿಯೂ ಅಳೆಯುವುದು ವಾಡಿಕೆ. ಮಂಕಾದ ವಸ್ತುವೂ ತೀರ ಓರೆಯಾಗಿ ನೋಡಿದರೆ ಕೊಂಚ ಹೊಳೆಯುವುದಷ್ಟೆ.

ಇಷ್ಟಕ್ಕೇ ತಕರಾರು ತೀರಲಿಲ್ಲ. ಎರಡು ತಗಡುಗಳೂ 90 ಎಂದೇ ತೋರಿಸಬಹುದು; ಆದರೂ ಒಂದರಲ್ಲಿ ಕಿಟಕಿಯ ಸರಳುಗಳು ಕನ್ನಡಿಯಲ್ಲಿ ಕಂಡಂತೆ ನೆಟ್ಟಗಿರುವುವು, ಇನ್ನೊಂದರಲ್ಲಿ ಕೆರೆಯ ನೀರಿನಲ್ಲಿ ಕಂಡಂತೆ ಸೊಟ್ಟಗಾಗುವುವು. ಬಣ್ಣವು ಕಿತ್ತಳೆಯ ಸಿಪ್ಪೆಯಂತೆ ಉಬ್ಬುತಗ್ಗಾಗಿ ಒಣಗಿರುವುದೇ ಇದಕ್ಕೆ ಕಾರಣ. ಹೊಳಪೆಂಬುದು ಒಂದೇ ಗುಣವಲ್ಲ, ಅದರಲ್ಲಿ ಆರು ಬಗೆಗಳುಂಟೆಂದು ಅಮೆರಿಕೆಯ ರಿಚರ್ಡ್ ಹಂಟರ್ 1937ರಲ್ಲಿಯೇ ವಿಂಗಡಿಸಿ ತೋರಿದ್ದನು. ಪ್ರತಿಬಿಂಬದ ಸ್ಪಷ್ಟತೆಯು ಅವುಗಳಲ್ಲೊಂದು.

ಯಂತ್ರವು ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುವುದು. ಏನನ್ನು ಕೇಳಬೇಕೆಂಬುದನ್ನು ಕಣ್ಣೇ ತಿಳಿಸಬೇಕು. ಆದುದರಿಂದ ಕೆಲಸಕ್ಕೆ ಮೊದಲೇ ಇಬ್ಬರೂ ಕುಳಿತು, ಯಾವ ಕೋನ, ಎಷ್ಟು ಅಂಕ, ಪ್ರತಿಬಿಂಬ ಎಷ್ಟು ನಿಚ್ಚಳವಾಗಿರಬೇಕು ಎಂಬುದನ್ನು ಬರೆದಿಟ್ಟುಕೊಳ್ಳುವುದು ಲೇಸು. ಹಾಗೆ ಮಾಡಿದ್ದರೆ ಆ ತಗಡು ಮೇಜಿನ ಮೇಲೆ ತೀರ್ಪಿಗಾಗಿ ಕಾದಿರುತ್ತಿರಲಿಲ್ಲ. ಒಬ್ಬನ ಕೂಲಿಯನ್ನು ಇನ್ನೊಬ್ಬನ ಕಣ್ಣಿನ ಅಂದಿನ ಲಹರಿಗೆ ಬಿಟ್ಟುಕೊಡುವುದು ನ್ಯಾಯವಲ್ಲ.