ಗೋಡೆ ಒಣಗುವ ತನಕ ಕಾಯಿರಿ

ಮಳೆಗಾಲದಲ್ಲಿ ಮನೆಯೊಳಗೆ ನೀರು ನುಗ್ಗಿದರೆ ಏನು ಮಾಡಬೇಕೆಂದು ನಮ್ಮ ಕರಾವಳಿಯ ಗೃಹಿಣಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೆಸರು ತೊಳೆದು, ಕಿಟಕಿ ಬಾಗಿಲು ತೆರೆದಿಟ್ಟು, ಬಿಸಿಲು ಬಂದ ಮೇಲೆ ಸುಣ್ಣ ಬಳಿದರಾಯಿತು. ಕೆಂಪುಕಲ್ಲಿನ ಗೋಡೆ ನೀರು ಕುಡಿದರೂ ನಿಲ್ಲುತ್ತದೆ. ಆದರೆ ಸಹೋದರಿಯರೇ, ಅಮೆರಿಕದ ಮನೆಗಳ ಗೋಡೆ ಹಾಗಲ್ಲ. ಮರದ ಚೌಕಟ್ಟು ನಿಲ್ಲಿಸಿ, ಅದಕ್ಕೆ ಅರ್ಧ ಇಂಚು ದಪ್ಪದ ಹಲಗೆಗಳನ್ನು ತಿರುಪುಮೊಳೆಯಿಂದ ಬಿಗಿದಿರುತ್ತಾರೆ. ಎರಡು ಕಾಗದಗಳ ನಡುವೆ ಜಿಪ್ಸಮ್ ತುಂಬಿದ ಈ ಹಲಗೆಯನ್ನು ಅಲ್ಲಿ ಡ್ರೈವಾಲ್ ಎನ್ನುತ್ತಾರೆ. ನಮ್ಮೂರಿನ ಅಂಗಡಿ, ಕಚೇರಿಗಳ ಫಾಲ್ಸ್ ಸೀಲಿಂಗ್‌ಗೆ ಹಾಕುವ ಜಿಪ್ಸಮ್ ಬೋರ್ಡಿನ ಜಾತಿಯದೇ. ಅದು ಬತ್ತಿಯಂತೆ ನೀರನ್ನು ಮೇಲಕ್ಕೆ ಹೀರುತ್ತದೆ.

ನಾವು ನೆಲೆಸಿರುವುದು ಮಿಶಿಗನ್ ರಾಜ್ಯದ ಡಿಯರ್‌ಬಾರ್ನ್‌ನಲ್ಲಿ. ಡೆಟ್ರಾಯಿಟ್‌ಗೆ ತಾಗಿಕೊಂಡಿರುವ ಈ ಊರಿನ ಬಹಳಷ್ಟು ಹಳೆಯ ಮನೆಗಳಿಗೆ ನೆಲದಡಿ ಒಂದು ಅಂತಸ್ತು, ಬೇಸ್‌ಮೆಂಟ್, ಇರುತ್ತದೆ. 2021ರ ಜೂನ್ 25ರ ರಾತ್ರಿಯಿಂದ ಮರುದಿನದವರೆಗೆ ಸುರಿದ ಮಳೆ ಕೆಲವೆಡೆ ಆರು ಇಂಚು ದಾಟಿತು. ಚರಂಡಿಗಳು ಅಷ್ಟು ನೀರು ತಾಳಲಾರದೆ ಸಾವಿರಾರು ಮನೆಗಳ ಬೇಸ್‌ಮೆಂಟಿಗೆ ಕೊಳಚೆ ನೀರು ನೆಲದ ಮೋರಿಯಿಂದಲೇ ಉಕ್ಕಿ ಬಂತು. ನಮ್ಮಲ್ಲಿ ಒಂದು ಅಡಿ ನಿಂತಿತು. ಅದು ಉಬ್ಬಸವಿರುವ ನನ್ನ ಹಿರಿಯ ಮಗನ ಕೋಣೆ.

ನೀರು ಕಂಡೊಡನೆ ಕೆಳಗೆ ಇಳಿಯಬಾರದು, ಮೊದಲು ವಿದ್ಯುತ್ ಕಡಿತವಾಗಬೇಕು. ಆಮೇಲೆ ಪ್ರತಿಯೊಂದು ಹಾನಿಯ ಫೋಟೋ ತೆಗೆಯಬೇಕು. ಅಲ್ಲಿನ ಸಾಮಾನ್ಯ ಗೃಹವಿಮೆಯಲ್ಲಿ ಚರಂಡಿ ಉಕ್ಕಿದ ನಷ್ಟ ಸೇರುವುದಿಲ್ಲ, ಅದಕ್ಕೆ ಬೇರೆಯಾಗಿ ಹಣ ಕಟ್ಟಿರಬೇಕು. ಆ ವರ್ಷ ಜುಲೈಯಲ್ಲಿ ಕೇಂದ್ರ ಸರಕಾರ ವಿಪತ್ತು ಘೋಷಿಸಿದಾಗ ನೆರವಿಗೆ ಅರ್ಜಿ ಹಾಕಲು ಈ ಫೋಟೋಗಳೇ ಆಧಾರವಾದವು.

ಕೊಳಚೆ ಹೀರಿದ ಹಾಸಿಗೆ, ಕಾರ್ಪೆಟ್ ಎಲ್ಲವನ್ನೂ ಬೀದಿಗೆ ಹಾಕಿದೆವು. ಗೋಡೆಯಲ್ಲಿ ನೀರಿನ ಗುರುತು ಒಂದು ಅಡಿಯಲ್ಲಿದ್ದರೂ ಹಲಗೆಯನ್ನು ನಾಲ್ಕು ಅಡಿಯವರೆಗೆ ಕತ್ತರಿಸಿದೆವು. ಗುರುತಿಗಿಂತ ಕನಿಷ್ಠ ಒಂದು ಅಡಿ ಮೇಲಿನವರೆಗಾದರೂ ತೆಗೆಯಲೇಬೇಕು. ಹಲಗೆಯ ಅಗಲವೇ ನಾಲ್ಕು ಅಡಿಯಾದ್ದರಿಂದ ಅಲ್ಲಿಗೆ ಕತ್ತರಿಸಿದರೆ ಹೊಸದನ್ನು ಅಡ್ಡಲಾಗಿ ಕೂರಿಸುವುದು ಸುಲಭ. ಒಳಗೆ ಚಳಿ ತಡೆಯಲು ತುಂಬಿದ್ದ ಗಾಜಿನ ನಾರು ನೆನೆದು ಕುಸಿದಿತ್ತು, ಅದನ್ನೂ ಎಸೆದೆವು. ಒದ್ದೆ ಕಾಗದದ ಮೇಲೆ ಒಂದೆರಡು ದಿನಗಳಲ್ಲೇ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಈ ಕೆಲಸಕ್ಕೆ ಕೈಗವಸು, ಮಾಸ್ಕ್ ಬೇಕು, ಉಬ್ಬಸವಿರುವವರು ಹತ್ತಿರವೂ ಸುಳಿಯಬಾರದು. ಬ್ಲೀಚಿನೊಂದಿಗೆ ಅಮೋನಿಯ ಇರುವ ಯಾವುದನ್ನೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ.

ಕಷ್ಟವಾದದ್ದು ಆಮೇಲಿನ ಕಾಯುವಿಕೆ. ಜುಲೈ 20ರಂದು ಬಕ್ರೀದ್. ಎರಡು ಕುಟುಂಬಗಳು ನಮ್ಮಲ್ಲಿ ಉಳಿದುಕೊಳ್ಳುವವರಿದ್ದರು. ನೋಡಲು ಬಂದ ಗುತ್ತಿಗೆದಾರನೊಬ್ಬ, “ಮೂರೇ ದಿನದಲ್ಲಿ ಹಲಗೆ ಮುಚ್ಚಿ, ಬಣ್ಣ ಬಳಿದು ಕೊಡುತ್ತೇನೆ” ಎಂದ. ನಮ್ಮವರಿಗೂ ಅದೇ ಸರಿಯೆನಿಸಿತ್ತು. ನಾನು ಒಪ್ಪಲಿಲ್ಲ. ಬಾಡಿಗೆಗೆ ತಂದ ತೇವಮಾಪಕವನ್ನು ಮರಕ್ಕೆ ಒತ್ತಿದರೆ ಅದು ಇನ್ನೂ ಶೇ. 20ರ ಮೇಲೆ ತೋರಿಸುತ್ತಿತ್ತು. ಶೇ. 15ರ ಆಸುಪಾಸಿಗೆ ಇಳಿಯದೆ ಮುಚ್ಚಿದರೆ ಬೂಷ್ಟಿಗೆ ನಾವೇ ಮನೆ ಕಟ್ಟಿಕೊಟ್ಟಂತೆ. ಫೋನಿನಲ್ಲಿ ಅತ್ತೆಯವರು ವಿಷಯ ಕೇಳಿ, “ಹಸಿ ಗೋಡೆಗೆ ಬಳಿದ ಬಣ್ಣ ಎಷ್ಟು ದಿನ ನಿಂತೀತು ಮಗಳೇ? ಬರುವವರು ಗೋಡೆ ನೋಡಲು ಬರುವುದಿಲ್ಲ” ಎಂದರು. ತಾಯಿಯ ಮಾತಿಗೆ ನಮ್ಮವರು ಎದುರಾಡಲಿಲ್ಲ.

ಹಬ್ಬದ ದಿನ ಅತಿಥಿಗಳೆಲ್ಲ ಮೇಲಿನ ಎರಡು ಕೋಣೆಗಳಲ್ಲೇ ಒತ್ತೊತ್ತಾಗಿ ಮಲಗಿದರು. ಕೆಳಗೆ ಫ್ಯಾನು, ತೇವ ಹೀರುವ ಯಂತ್ರ ಹಗಲು ರಾತ್ರಿ ತಿರುಗುತ್ತಿದ್ದವು. ಜುಲೈ ಕೊನೆಗೆ ಮಾಪಕ 14 ತೋರಿಸಿತು. ಆಗ ಕೆಲಸ ಶುರುವಾಯಿತು. ಹೊಸ ಹಲಗೆಯನ್ನು ನೆಲಕ್ಕೆ ತಾಗಿಸದೆ ಅರ್ಧ ಇಂಚು ಮೇಲೆ ಕೂರಿಸಿದೆವು, ಮುಂದೆ ನೆಲ ಒದ್ದೆಯಾದರೂ ಅದು ಹೀರದಿರಲೆಂದು. ಸಂದುಗಳಿಗೆ ಕಾಗದದ ಪಟ್ಟಿ ಅಂಟಿಸಿ, ಮೂರು ಸಲ ಪುಟ್ಟಿ ಹಚ್ಚಿದೆವು. ಪ್ರತಿ ಸಲವೂ ಅದು ಪೂರ್ತಿ ಒಣಗಿದ ಮೇಲೆಯೇ ಉಪ್ಪು ಕಾಗದದಿಂದ ಉಜ್ಜಿ, ಕೊನೆಗೆ ಪ್ರೈಮರ್, ಬಣ್ಣ. ಆಗಸ್ಟ್ ಮಧ್ಯದಲ್ಲಿ ಮಗ ತನ್ನ ಕೋಣೆಗೆ ಮರಳಿದ. ಆ ಚಳಿಗಾಲದಲ್ಲಿ ಅವನ ಉಬ್ಬಸ ಹೆಚ್ಚಲಿಲ್ಲ.

ಓದುಗರೇ, ನಿಮ್ಮ ಮನೆಯ ಗೋಡೆ ಕೆಂಪುಕಲ್ಲಿನದೇ ಇರಬಹುದು. ಆದರೆ ನಮ್ಮ ಫ್ಲ್ಯಾಟುಗಳಲ್ಲೂ ಜಿಪ್ಸಮ್ ಗೋಡೆಗಳು, ಗೋಡೆಗೆ ಒತ್ತಿ ನಿಲ್ಲಿಸಿದ ಪ್ಲೈವುಡ್ ಕಪಾಟುಗಳು ಬಂದಿವೆ. ಮಳೆಯಲ್ಲಿ ಗೋಡೆ ಜಿನುಗಿದರೆ ಹಬ್ಬ, ಮದುವೆ ಎಂದು ಅವಸರದಿಂದ ಬಣ್ಣ ಬಳಿಯಬೇಡಿ. ನೀರು ಬರುವ ದಾರಿಯನ್ನು ಮೊದಲು ಮುಚ್ಚಿ, ಕಪಾಟು ಸರಿಸಿ ಗೋಡೆಗೆ ಗಾಳಿಯಾಡಲು ಬಿಡಿ. ಬಂದ ನೆಂಟರು ಗೋಡೆಯ ಕಲೆ ನೋಡಿ ಎರಡು ದಿನದಲ್ಲಿ ಹೋಗುತ್ತಾರೆ. ಒಳಗೆ ಉಳಿದ ತೇವವನ್ನು ವರ್ಷವಿಡೀ ಉಸಿರಾಡಬೇಕಾದವರು ನಮ್ಮ ಮಕ್ಕಳು.